ಎರಡು ಬಾಗಿಲಿನ ಕಾರು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರುದಾರ ಕನ್ನಡಕದ ಅಂಗಡಿಯ ಮಾಲೀಕ. ಐವತ್ತರ ಆಸುಪಾಸಿನ, ಗರಿಗರಿಯಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮನುಷ್ಯ. ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ತಾನು ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದಾಗ ಮನೆಯ ಶೆಡ್ಡಿನಿಂದ ಕಾರು ಕಳುವಾಗಿದೆ ಎಂದು ದೂರು ಬರೆದುಕೊಟ್ಟ.

ಇನ್‌ಸ್ಪೆಕ್ಟರ್ ಓದಿ ತಲೆಯೆತ್ತಿದರು. ಹೆಚ್ಚು ಮಾತಿಲ್ಲದ ಹೆಂಗಸು. ಎದುರಿಗಿದ್ದವರು ಮಾತು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರುವುದು ಅವರ ಅಭ್ಯಾಸ.

"ಯಾವ ಕಾರು?"

"ಇಟಲಿಯದು ಮೇಡಂ. ಕೂಪೆ. ಕಡು ನೀಲಿ ಬಣ್ಣ."

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್‌ನ ಕಿವಿ ನಿಮಿರಿತು. ಆರಡಿ ಮೀರಿದ ಅವನನ್ನು ಠಾಣೆಯಲ್ಲಿ ಎಲ್ಲರೂ ಲಂಬು ಎಂದೇ ಕರೆಯುತ್ತಿದ್ದರು. "ಅದು ರೇಸ್ ಗಾಡಿ ಥರ ಇರುತ್ತಲ್ಲ ಸಾರ್? ಎರಡೇ ಬಾಗಿಲು?"

"ನೋಡೋರಿಗೆ ಹಾಗನ್ಸುತ್ತೆ. ಸೀಟು ನಾಲ್ಕಿದೆ. ಹಿಂದಿನ ಸೀಟು ಮಡಚಿದ್ರೆ ನಮ್ಮಂಗಡಿ ಶೋಕೇಸ್ ಗಾಜೇ ಹಿಡಿಯುತ್ತೆ. ಸಂಸಾರಸ್ಥರಿಗೆ ಹೇಳಿ ಮಾಡಿಸಿದ ಗಾಡಿ. ಇದನ್ನ ಎಷ್ಟು ಜನಕ್ಕೆ ಹೇಳಿದೀನಿ ಅಂದ್ರೆ..." ಆತ ಮಾತನ್ನು ಅರ್ಧಕ್ಕೇ ಬಿಟ್ಟು ಕನ್ನಡಕ ತೆಗೆದು ಒರೆಸತೊಡಗಿದ.

"ಒಳಗೆ ಏನೇನಿತ್ತು?"

"ಒಂದು ಕೊಡೆ. ಹಿಂದಿನ ಸೀಟಿನಲ್ಲಿ ಒಂದು ದಿಂಬು. ನಮ್ಮಮ್ಮಂದು."

"ಕೀಲಿ?"

"ಒಂದು ನನ್ನ ಹತ್ರ ಇದೆ. ಇನ್ನೊಂದು ಮೆಕ್ಯಾನಿಕ್ ಹತ್ರ. ಗಾಡಿ ಆಗಾಗ ಅವನ ಗ್ಯಾರೇಜಿಗೆ ಹೋಗ್ತಿರುತ್ತೆ."

ಕಳವು ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಸಾಮಾನ್ಯವಾಗಿ ವಾಹನ ಕಳೆದುಕೊಂಡವರು ಎಫ್‌ಐಆರ್ ಪ್ರತಿ ಕೈಗೆ ಬರುವ ತನಕ ಜಾಗ ಬಿಟ್ಟು ಕದಲುವುದಿಲ್ಲ. ಅದಿಲ್ಲದೆ ವಿಮೆಯವರು ಬಾಗಿಲು ತೆರೆಯುವುದಿಲ್ಲ. ಈತ ಅದನ್ನು ಕೇಳಲೇ ಇಲ್ಲ. ನಮಸ್ಕಾರ ಹೇಳಿ ಹೊರಟೇಬಿಟ್ಟ.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತು ಲಂಬು ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೋದರು. ಗಲ್ಲಿಯ ಕೊನೆಯ ಮನೆ. ಪಕ್ಕದಲ್ಲಿ ತಗಡಿನ ಶೆಡ್ಡು. ಬೀಗ ಒಡೆದಿರಲಿಲ್ಲ, ನೆಲದಲ್ಲಿ ಗಾಜಿನ ಚೂರಿರಲಿಲ್ಲ. ಎಣ್ಣೆ ಸೋರಿದ ಕಲೆ ಮಾತ್ರ ಕಾರು ನಿಲ್ಲುತ್ತಿದ್ದ ಜಾಗವನ್ನು ತೋರಿಸುತ್ತಿತ್ತು. ಮಾಲೀಕನ ಹೆಂಡತಿ ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದಳು. ಕೇಳಿದ್ದಕ್ಕೆ, ತಾನು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ ಎಂದಷ್ಟೇ ಹೇಳಿದಳು.

ಗಲ್ಲಿಯವರಿಗೆ ಆ ಕಾರೆಂದರೆ ತಮಾಷೆಯ ವಸ್ತು. ಮಾಲೀಕನಿಗೆ 'ಇಟಲಿ' ಎಂದೇ ಅಡ್ಡಹೆಸರು ಬಿದ್ದಿತ್ತು.

"ಇಡೀ ಊರು ಬೇಡ ಅಂದಿತ್ತು ಮೇಡಂ," ಎಂದ ಮೂಲೆಯ ಬೇಕರಿಯವನು. "ಮೂರು ಜನ ಇರೋ ಮನೆಗೆ ಅದ್ಯಾಕೆ ಅಂತ. ಕೇಳಿದ್ದಕ್ಕೆ ಒಂದು ಗಂಟೆ ಭಾಷಣ. ಒಂದಿನ ನನ್ನ ಮುಂದೇನೇ ಅದರೊಳಗೆ ಬಟ್ಟೆ ಬೀರು ತುಂಬ್ಸಿ ತೋರಿಸಿದ್ರು. ಅರ್ಧ ಬೀರು ಹೊರಗಿತ್ತು, ಆ ಮಾತು ಬೇರೆ."

ಬೇಕರಿಯ ಕ್ಯಾಮೆರಾದಲ್ಲಿ, ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ನೀಲಿ ಕಾರು ಮುಖ್ಯರಸ್ತೆಗೆ ತಿರುಗಿದ್ದು ಕಾಣಿಸಿತು. ಗಾಜಿನ ಮೇಲೆ ಬಿಸಿಲು ಹೊಳೆಯುತ್ತಿದ್ದುದರಿಂದ ಓಡಿಸುತ್ತಿದ್ದವನ ಮುಖ ತಿಳಿಯಲಿಲ್ಲ. ಕೀಲಿ ಹಾಕಿಯೇ ಒಯ್ದಿದ್ದಾರೆ ಎಂಬುದಂತೂ ಖಚಿತವಾಯಿತು.

ಸಂಜೆ ಮೆಕ್ಯಾನಿಕ್‌ನನ್ನು ಕರೆತಂದರು. ಹರೆಯದಲ್ಲಿ ಒಮ್ಮೆ ಕಾರು ಕದ್ದ ಕೇಸಿನಲ್ಲಿ ಜೈಲು ಕಂಡು ಬಂದವನು. ಆಮೇಲಿನದ್ದೆಲ್ಲ ನೆಟ್ಟಗಿನ ಬಾಳು. ಆದರೆ ಹಳೆಯ ದಾಖಲೆಯಲ್ಲಿ ಹೆಸರಿತ್ತು, ಗ್ಯಾರೇಜಿನ ಗೋಡೆಯ ಮೊಳೆಯಲ್ಲಿ ಎರಡನೇ ಕೀಲಿ ನೇತಾಡುತ್ತಿತ್ತು, ಭಾನುವಾರ ಅವನು ಗ್ಯಾರೇಜಿನಲ್ಲಿ ಒಬ್ಬನೇ ಇದ್ದ.

"ನೋಡಿದವರು ಯಾರಾದ್ರೂ ಇದ್ದಾರಾ?"

"ಭಾನುವಾರ ಬಾಗಿಲು ಹಾಕ್ಕೊಂಡು ಕೆಲಸ ಮಾಡೋನನ್ನ ಯಾರು ನೋಡ್ತಾರೆ ಮೇಡಂ?"

"ಕದ್ದೆಯಾ?"

"ಆ ಗಾಡಿಯನ್ನ ದುಡ್ಡು ಕೊಟ್ಟು ತಗೊಂಡು ಹೋಗು ಅಂದ್ರೂ ನಾನು ತಗೊಳ್ಳಲ್ಲ." ಬಳಿಕ ಅವನು ಬಾಯಿ ಬಿಡಲಿಲ್ಲ. ಅವನ ಹೆಂಡತಿ ಬಂದು ಠಾಣೆಯ ಮೆಟ್ಟಿಲ ಮೇಲೆ ಕುಳಿತಳು. ಹೋಗೆಂದರೂ ಹೋಗಲಿಲ್ಲ.

ಮಂಗಳವಾರ ಊರಾಚೆಯ ಕಲ್ಲುಕ್ವಾರಿಯಿಂದ ಫೋನು ಬಂತು. ಕೆಲಸ ನಿಂತು ನೀರು ತುಂಬಿದ ಹಳೆಯ ಗುಂಡಿಯಲ್ಲಿ ಕಾರಿನ ಛಾವಣಿ ಕಾಣಿಸುತ್ತಿದೆ ಎಂದು ಕಾವಲುಗಾರ ತಿಳಿಸಿದ. ಕ್ರೇನು ತರಿಸಿ ಎತ್ತಿಸಿದರು. ಬಾಗಿಲುಗಳ ಸಂದಿಯಿಂದ ನೀರು ಸುರಿಸುತ್ತ ನೀಲಿ ಕಾರು ಮೇಲೆ ಬಂತು.

ಪಂಚರ ಸಮಕ್ಷಮ ಪರಿಶೀಲನೆ ನಡೆಯಿತು. ಹ್ಯಾಂಡ್‌ಬ್ರೇಕ್ ಇಳಿಸಿತ್ತು, ಗೇರು ನ್ಯೂಟ್ರಲ್‌ನಲ್ಲಿತ್ತು, ಕೀಲಿ ಇರಲಿಲ್ಲ. ಯಾರೋ ದಡದಿಂದ ತಳ್ಳಿದ್ದರು. ಒಂದು ಚಕ್ರವನ್ನೂ ಬಿಚ್ಚಿಕೊಂಡಿರಲಿಲ್ಲ. ಡ್ರೈವರ್ ಪಕ್ಕದ ಸೀಟು ಮಾತ್ರ ಮುಂದಕ್ಕೆ ಮಡಚಿತ್ತು. ಕೊಡೆ ಸಿಕ್ಕಿತು. ದಿಂಬು ಸಿಗಲಿಲ್ಲ.

"ಕಳ್ಳ ಲಕ್ಷಗಟ್ಟಲೆಯ ಗಾಡಿಯನ್ನ ನೀರಿಗೆ ತಳ್ಳಿ, ದಿಂಬು ಕದ್ದುಕೊಂಡು ಹೋದ್ನಾ?" ಎಂದ ಲಂಬು.

ಇನ್‌ಸ್ಪೆಕ್ಟರ್ ನಗಲಿಲ್ಲ. ಗುರುತು ಹಿಡಿಯಲು ಕರೆಸಿದ್ದ ಮಾಲೀಕನ ಕಡೆಗೆ ನೋಡುತ್ತಿದ್ದರು. ಆತ ಕಾರಿನ ಹತ್ತಿರ ಹೋಗದೆ ದೂರದಲ್ಲೇ ನಿಂತಿದ್ದ. ನನ್ನದೇ ಎಂದ. ಯಾರು ಮಾಡಿದ್ದೆಂದು ಕೇಳಲಿಲ್ಲ.

"ಮೇಡಂ, ಇದನ್ನ ಮತ್ತೆ ನನಗೇ ಕೊಡ್ತೀರಾ?"

"ಕೋರ್ಟಿಗೆ ಅರ್ಜಿ ಹಾಕಿ ಬಿಡಿಸ್ಕೋಬಹುದು."

"ಬಿಡಿಸ್ಕೊಳ್ಳಲೇಬೇಕಾ?"

ಇನ್‌ಸ್ಪೆಕ್ಟರ್ ಅವನತ್ತ ತಿರುಗಿ, "ನಿಮ್ಮ ಮೆಕ್ಯಾನಿಕ್ ನಿನ್ನೆಯಿಂದ ಠಾಣೆಯಲ್ಲಿದ್ದಾನೆ," ಎಂದರು.

ಆತನ ಮುಖ ಬಿಳಿಚಿಕೊಂಡಿತು. "ಅವನಲ್ಲ."

"ಹೇಗೆ ಗೊತ್ತು?"

"ಒಳ್ಳೆಯವನು," ಎಂದು ಕಾರಿಗೆ ಬೆನ್ನು ಹಾಕಿದ.

ಬುಧವಾರದ ಹೊತ್ತಿಗೆ ಠಾಣೆಯ ಅಂಗಳದ ಬಿಸಿಲಿಗೆ ಕಾರು ಒಂದಿಷ್ಟು ಒಣಗಿತ್ತು. ಸೀಟು ಮಡಚಿದ್ದೇಕೆ ಎಂಬುದು ಇನ್‌ಸ್ಪೆಕ್ಟರ್ ತಲೆಯಿಂದ ಹೋಗಿರಲಿಲ್ಲ. ಹಿಂದೆ ಇನ್ನೊಬ್ಬ ಕುಳಿತಿದ್ದನೇ? ಹಿಂದಿನ ಸೀಟಿಗೆ ಗೋಣಿಚೀಲ ಹಾಸಿ, ಲಂಬುವನ್ನು ಒಳಗೆ ಕೂರಲು ಹೇಳಿದರು.

ಅವನು ಮೊದಲು ತಲೆ ತೂರಿಸಿದ, ಅದು ಆಗಲಿಲ್ಲ. ಕಾಲು ತೂರಿಸಿದ. ಕೊನೆಗೆ ಗಲ್ಲಕ್ಕೆ ಮೊಣಕಾಲು ತಾಗಿಸಿಕೊಂಡು ಒಳಗೆ ಸೇರಿಕೊಂಡ. ಅಂಗಳದಲ್ಲಿದ್ದ ಪೇದೆಗಳು ನಕ್ಕರು. ಇನ್‌ಸ್ಪೆಕ್ಟರ್ ಮುಂದಿನ ಸೀಟನ್ನು ನೆಟ್ಟಗೆ ಮಾಡಿದರು. ಟಕ್ ಎಂದು ಲಾಕ್ ಬಿತ್ತು.

"ಈಗ ಹೊರಗೆ ಬಾ."

ಲಂಬು ಸೀಟಿನ ಪಕ್ಕದ ಲಿವರ್ ಎಳೆದ. ಅದು ಜಗ್ಗಲಿಲ್ಲ. ಇನ್ನೊಮ್ಮೆ ಎಳೆದ. ಪಕ್ಕದ ಪುಟ್ಟ ಗಾಜನ್ನು ತಳ್ಳಿದ. ಅದು ತೆರೆಯುವ ಗಾಜಲ್ಲ. "ಬರ್ತಿಲ್ಲ ಮೇಡಂ." ಇನ್‌ಸ್ಪೆಕ್ಟರ್ ಹೊರಗಿನಿಂದ ಎಳೆದರು. ಆಗಲೂ ಬರಲಿಲ್ಲ. ಪೇದೆಗಳ ನಗು ನಿಂತಿತು. ಲಂಬುವಿನ ಹಣೆಯಿಂದ ಬೆವರು ಇಳಿಯತೊಡಗಿತು. "ಮೇಡಂ, ಬೇಗ ಏನಾದ್ರೂ ಮಾಡಿ. ಉಸಿರು ಕಟ್ತಿದೆ." ಆ ದೊಡ್ಡ ದೇಹ ಒಳಗೆ ಒದ್ದಾಡುವುದನ್ನು ನೋಡಲಾಗುತ್ತಿರಲಿಲ್ಲ.

ಮೆಕ್ಯಾನಿಕ್‌ನನ್ನು ಕರೆತಂದರು. ಅವನು ಸೀಟಿಗೆ ಮೊಣಕಾಲು ಒತ್ತಿ ಹಿಡಿದು ಲಿವರ್ ಎಳೆದ. ಸೀಟು ಮಡಚಿತು. ಲಂಬು ಹೊರಗೆ ಬಿದ್ದು ನೆಲದ ಮೇಲೇ ಕುಳಿತ.

"ಒಳಗಿದ್ದವರಿಗೆ ಅದು ಬರಲ್ಲ," ಎಂದ ಮೆಕ್ಯಾನಿಕ್. "ಹೊರಗಿನೋರೇ ತೆಗೀಬೇಕು. ಡ್ರೈವರ್ ಸೀಟಂತೂ ಮಡಚೋದೇ ಇಲ್ಲ. ಇಷ್ಟಾದ್ರೂ ಬರೋ ಹಾಗೆ ಮಾಡಿದ್ದು ನಾನು, ಅಜ್ಜಿ ಹೋದ ಮೇಲೆ."

"ಯಾವ ಅಜ್ಜಿ?"

ಅವನು ನೆಲ ನೋಡಿದ. "ಅವರ ತಾಯಿ. ಹೋದ ವರ್ಷ ಉಸಿರಾಟದ ತೊಂದರೆಯಾಯ್ತು ಅಂತ ಇದರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಬಾಗಿಲ ತನಕ ಚೆನ್ನಾಗೇ ಹೋದ್ರು. ಅಲ್ಲಿ ಈ ಲಾಕ್ ಕಚ್ಕೊಂಡು ಬಿಡ್ತು. ಅಜ್ಜಿ ಹಿಂದೆ. ಸ್ಟ್ರೆಚರ್ ಪಕ್ಕದಲ್ಲೇ ಇದೆ, ನಾಲ್ಕು ಜನ ಎಳೀತಿದ್ದಾರೆ, ಹೊರಗೆ ತರೋಕಾಗ್ತಿಲ್ಲ. ತಂದಾಗ ಜೀವ ಇರಲಿಲ್ಲ."

"ಇದನ್ನ ಸೋಮವಾರವೇ ಯಾಕೆ ಹೇಳ್ಲಿಲ್ಲ?"

"ನನ್ನ ಕೇಳಿದ್ದು ಕದ್ದೆಯಾ ಅಂತ ಮೇಡಂ. ಅದೂ ಅಲ್ದೆ, ಇನ್ನೊಬ್ಬರ ಮನೆ ನೋವನ್ನ ಹೇಳಿ ನಾನು ತಪ್ಪಿಸ್ಕೊಳ್ಳೋದಾ?"

ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಮತ್ತೆ ಗಲ್ಲಿಯ ಕೊನೆಯ ಮನೆಗೆ ಹೋದರು. ಮಾಲೀಕನ ಹೆಂಡತಿ ಬಾಗಿಲು ತೆರೆದು ಒಳಗೆ ಕೂರಿಸಿದಳು. ಗೋಡೆಯಲ್ಲಿ ಅತ್ತೆಯ ಫೋಟೋ ಇತ್ತು. ಕಾರಿನ ಮಾತು ತೆಗೆದೊಡನೆ ಅವಳ ದನಿ ಇಳಿಯಿತು.

"ನಮ್ಮನೇಲಿ ಅದರ ಮಾತು ಆಡಲ್ಲ ಮೇಡಂ."

"ಆಸ್ಪತ್ರೆಯ ದಿನದಿಂದಲಾ?"

ಅವಳು ತಲೆಯಾಡಿಸಿದಳು.

"ಆಮೇಲೂ ಅದರಲ್ಲೇ ಓಡಾಡ್ತಿದ್ರಾ?"

"ಅವರು ಕರೀತಿದ್ರು, ನಾನು ಹೋಗ್ತಿದ್ದೆ. ಹಿಂದೆ ಕೂರ್ತಿದ್ದೆ. ಅತ್ತೆ ಕೂರ್ತಿದ್ದ ಜಾಗದಲ್ಲಿ."

"ಮುಂದಿನ ಸೀಟು ಖಾಲಿ ಇದ್ರೂನಾ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆವತ್ತು ಮುಂದೆ ಕೂತಿದ್ದೋಳು ನಾನು. ಹಿಂದೆ ಕೂತ್ರೆ ನನಗೆ ವಾಂತಿ ಬರುತ್ತೆ ಅಂತ ಯಾವಾಗಲೂ ನಾನೇ ಮುಂದೆ. ಎಪ್ಪತ್ತೈದು ವರ್ಷದ ಮುದುಕೀನ ಹಿಂದೆ ತುರುಕಿ ನಾನು ಆರಾಮಾಗಿ ಕೂತಿದ್ದೆ. ಇನ್ನು ಆ ಸೀಟಲ್ಲಿ ಹೇಗೆ ಕೂರ್ಲಿ?"

"ಇದನ್ನ ನಿಮ್ಮ ಯಜಮಾನರಿಗೆ ಹೇಳಿದೀರಾ?"

"ಏನಂತ ಹೇಳ್ಲಿ? ಅವರೂ ಕೇಳ್ಲಿಲ್ಲ. ಸುಮ್ಮನೆ ಬಂದು ಸೀಟು ಮಡಚಿ ಇಳಿಸೋರು."

ಇನ್‌ಸ್ಪೆಕ್ಟರ್ ಕಾರಿನಲ್ಲಿದ್ದ ದಿಂಬು ಹೇಗಿತ್ತೆಂದು ಕೇಳಿದರು.

"ಅತ್ತೆಯ ದಿಂಬಾ? ಹಳದಿ ಹೂವಿಂದು. ಬೀರುವಿನಲ್ಲೇ ಇದೆಯಲ್ಲ. ಮೊನ್ನೆ ಬಟ್ಟೆ ಇಡೋವಾಗ..." ಬೆರಳಿಗೆ ಸುತ್ತಿದ್ದ ಸೆರಗು ಸಡಿಲವಾಯಿತು. "ಅದು ಕಾರಿನಲ್ಲಿತ್ತು," ಎಂದಳು ತನಗೆ ತಾನೇ.

ಪಂಚರ ಎದುರು ದಿಂಬನ್ನು ವಶಪಡಿಸಿಕೊಂಡರು. ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದ ಮಾಲೀಕ ಮೇಜಿನ ಮೇಲಿದ್ದ ಅದನ್ನು ನೋಡಿ ಬಾಗಿಲಲ್ಲೇ ನಿಂತ.

"ಇದನ್ನ ಮುಳುಗಿಸೋಕಾಗ್ಲಿಲ್ಲ, ಅಲ್ವಾ?" ಎಂದರು ಇನ್‌ಸ್ಪೆಕ್ಟರ್.

ಆತ ಚಪ್ಪಲಿ ಕಳಚಿ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. "ದಡದಲ್ಲಿ ನಿಲ್ಲಿಸಿ ಇಳಿದೆ. ಹಿಂದೆ ಇದು ಕಾಣಿಸ್ತು. ಸೀಟು ಮಡಚಿ ತಗೊಂಡೆ. ಆಮೇಲೆ ತಳ್ಳಿದೆ. ಬಸ್ ಹಿಡಿದು ಬಂದೆ."

"ಮಾರಬಹುದಿತ್ತಲ್ಲ?"

"ಮಾರಿದ್ರೆ ಒಪ್ಕೊಂಡ ಹಾಗೆ ಮೇಡಂ. ಎಲ್ಲರೂ ಬೇಡ ಅಂದಾಗ ತಂದೋನು ನಾನು. ಬೀದಿಗೆಲ್ಲ ಪಾಠ ಹೇಳ್ದೋನು ನಾನು. ಮಾರಿದ್ರೆ ಅಮ್ಮನ್ನ ಈ ಗಾಡೀನೇ ಕೊಂದಿದ್ದು ಅಂತ ನಾನೇ ಡಂಗುರ ಹೊಡೆದ ಹಾಗೆ. ಇಟ್ಕೊಂಡ್ರೆ ದಿನಾ ಅದರೊಳಗೆ ಕೂರಬೇಕು. ಕನ್ನಡೀಲಿ ಇವಳ ಮುಖ. ಒಂದು ವರ್ಷ ಒಂದು ಮಾತಿಲ್ಲ. ನಿಮ್ಮಮ್ಮ ಇಲ್ಲೇ ಹೋಗಿದ್ದು ಅಂತ ತೋರ್ಸೋಕೆ ಅಲ್ಲೇ ಕೂರ್ತಿದ್ಳು."

"ಅಯ್ಯೋ ರೀ," ಎಂದಳು ಹೆಂಡತಿ. "ನಿಮಗೆ ತೋರ್ಸೋಕಲ್ಲ. ಮುಂದೆ ಕೂರೋಕೆ ನನಗೆ ಮುಖ ಇರಲಿಲ್ಲ."

ಆತ ಅವಳನ್ನೇ ದಿಟ್ಟಿಸಿದ. ಬಳಿಕ ಇನ್‌ಸ್ಪೆಕ್ಟರ್ ಎದ್ದು, ಪೊಲೀಸರಿಗೆ ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ಬಂಧಿಸುತ್ತಿರುವುದಾಗಿ ತಿಳಿಸಿದರು. ಆತ ತಕರಾರು ಮಾಡಲಿಲ್ಲ. ಹೆಂಡತಿ ತಾನೂ ಬರುತ್ತೇನೆಂದು ಜೀಪು ಹತ್ತಿದಳು.

ಠಾಣೆಯ ಮೆಟ್ಟಿಲ ಮೇಲೆ ಮೆಕ್ಯಾನಿಕ್‌ನ ಹೆಂಡತಿ ಇನ್ನೂ ಕುಳಿತಿದ್ದಳು. ಒಳಗೆ ಮೆಕ್ಯಾನಿಕ್ ಬಿಡುಗಡೆಯ ಸಹಿ ಹಾಕಿ ಹೊರಬರುತ್ತಿದ್ದ. ಮಾಲೀಕ ಕೈ ಮುಗಿದ. ಅವನು ಕೈ ಮುಗಿಯಲಿಲ್ಲ.

"ಸಾರ್, ನನ್ನ ಹಿಡಿದಿದ್ದು ನಿಮಗೆ ನಿನ್ನೇನೇ ಗೊತ್ತಾಗಿತ್ತಂತೆ. ಬಂದು ಒಂದು ಮಾತು ಹೇಳ್ಬಹುದಿತ್ತು," ಎಂದಷ್ಟೇ ಹೇಳಿ, ಹೆಂಡತಿಯನ್ನು ಎಬ್ಬಿಸಿ ಕರೆದುಕೊಂಡು ಹೊರಟ.

ಮಾಲೀಕನ ಹೆಂಡತಿ ಅವರಿಬ್ಬರು ಗೇಟು ದಾಟುವ ತನಕ ನೋಡಿದಳು. ಆಮೇಲೆ ಗಂಡನ ಕಡೆಗೆ ತಿರುಗಿದಳು.

"ಗೊತ್ತಿತ್ತಾ? ಅವನು ಒಳಗಿದ್ದಾನೆ ಅಂತ ಗೊತ್ತಿದ್ದೂ ನಿನ್ನೆ ರಾತ್ರಿ ಮನೇಲಿ ಕೂತು ಊಟ ಮಾಡಿದ್ರಾ? ಅವಳು ಇಲ್ಲಿ ಬಿಸಿಲಲ್ಲಿ ಕೂತಿದ್ಳಲ್ಲ, ಅವಳ ಮುಖ ನೋಡೋಕೆ ನಿಮಗೆ ನಾಚಿಕೆಯಾಗಲ್ವಾ?" ದನಿ ಏರಿತು. "ಯಾವತ್ತೂ ಅಷ್ಟೇ ನೀವು! ನಿಮ್ಮ ಮಾತೇ ನಡೀಬೇಕು! ಬೇಡ ಬೇಡ ಅಂತ ಬಡ್ಕೊಂಡೆ. ಅತ್ತೆಗೆ ಮಂಡಿ ನೋವು, ಹತ್ತೋಕಾಗಲ್ಲ ಅಂದೆ. ಕೇಳಿದ್ರಾ? ಬೀರು ಹಿಡಿಯುತ್ತೆ ಅಂದ್ರಿ! ಬೀರು!"

ಇಡೀ ಠಾಣೆ ಕೆಲಸ ನಿಲ್ಲಿಸಿ ನೋಡತೊಡಗಿತು. ಲಂಬು ಅವಳನ್ನು ಸಮಾಧಾನ ಮಾಡಲು ಮುಂದೆ ಬಂದ.

"ಬಿಡು," ಎಂದರು ಇನ್‌ಸ್ಪೆಕ್ಟರ್ ಮೆಲ್ಲಗೆ. "ಬೈಯಲಿ."

ತಾಯಿ ಸತ್ತ ದಿನದಿಂದ ಆ ಮನುಷ್ಯನಿಗೆ ಯಾರೂ ಏನೂ ಅಂದಿರಲಿಲ್ಲ. ಬಂದ ನೆಂಟರು ವಿಧಿ ಎಂದಿದ್ದರು, ಡಾಕ್ಟರು ವಯಸ್ಸಾಗಿತ್ತು ಎಂದಿದ್ದರು, ಬೀದಿಯವರು ಆ ಕಾರಿನ ತಮಾಷೆಯನ್ನು ಅವನ ಬೆನ್ನ ಹಿಂದಷ್ಟೇ ಮಾಡುತ್ತಿದ್ದರು. ಇಂದು ಮೊದಲ ಬಾರಿಗೆ ಒಬ್ಬರು ಅವನ ಮುಖಕ್ಕೇ ಹೇಳುತ್ತಿದ್ದರು. ಆತ ಬೆಂಚಿನ ಮೇಲೆ ಕುಳಿತು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಹೆಂಡತಿಯ ಒಂದೊಂದು ಮಾತಿಗೂ ತಲೆಯಾಡಿಸುತ್ತ ಕೇಳುತ್ತಿದ್ದ.