ಒಂಬತ್ತನೇ ಟೋಕನ್

"ನನ್ ಟೋಕನ್ ಒಂಬತ್ತು. ಅದ್ನಾಕ್ನೇವ್ರು ಎಂಗ್ಲಾ ಒಳಿಕ್ಕೋದ್ರು?"

ಕೌಂಟರ್ ಮೇಲೆ ಕೈ ಬಡಿದವರು ಹಲಗೂರಿನಿಂದ ಬಂದಿದ್ದ ಲಿಂಗಯ್ಯ. ಪಕ್ಕದ ಬೆಂಚಿನಲ್ಲಿ ಅವರ ತಾಯಿ ಕಣ್ಣಿಗೆ ಸೆರಗು ಒತ್ತಿಕೊಂಡು ಕೂತಿದ್ದರು. ಕೌಂಟರಿನ ಆ ಕಡೆ ನಿಂತಿದ್ದವನು, ಅಜ್ಜಿಯನ್ನು ತೋರಿಸಲು ಬಂದಿದ್ದ ಗಗನಳ ಅಣ್ಣ ಅಪ್ಪು.

ಮಳವಳ್ಳಿಯ ಈ ಕಣ್ಣಾಸ್ಪತ್ರೆಗೆ ಅವನು ಕೆಲಸಕ್ಕೆ ಸೇರಿ ಹನ್ನೆರಡು ದಿನ. ಒಂದು ತಿಂಗಳು ನೋಡಿ ಆಮೇಲೆ ಕಾಯಂ ಮಾಡ್ತೀವಿ ಅಂದಿದ್ದರು. ಇದಕ್ಕೆ ಮುಂಚೆ ಮದ್ದೂರಿನ ಮೊಬೈಲ್ ಅಂಗಡಿಯಲ್ಲಿ ಗಿರಾಕಿ ಬೈದಾಗ ಅಪ್ಪು ತಿರುಗಿ ಬೈದಿದ್ದ. ಅವತ್ತೇ ಕೆಲಸ ಹೋಗಿತ್ತು.

ಗಗನ ಡಾಕ್ಟರ ರೂಮಿನ ಬಾಗಿಲ ಕಡೆ ನೋಡಿದಳು. ಅಜ್ಜಿಯ ಟೋಕನ್ ಹದಿನಾಲ್ಕು. ಹನ್ನೊಂದಕ್ಕೆ ಸ್ಕೂಲಿನಲ್ಲಿ ಡ್ಯಾನ್ಸ್ ಪ್ರಾಕ್ಟೀಸ್ ಇತ್ತು. ನರ್ಸ್ ಬಾಗಿಲು ತೆರೆದು "ಮುಂದಿನವ್ರು" ಅಂದಾಗ ಅಪ್ಪು ಫೋನಿನಲ್ಲಿ ಮಾತಾಡುತ್ತಿದ್ದ. ಗಗನಳೇ ಅಜ್ಜಿಯ ಕೈ ಹಿಡಿದು ಒಳಗೆ ಬಿಟ್ಟು ಬಂದಿದ್ದಳು.

"ನಿಮ್ಮನೇರು ಅಂತ ಬುಟ್ಟೆ ತಾನೆ? ಮಾತಾಡ್ಲಾ!"

ಅಪ್ಪುವಿನ ಕಿವಿ ಕೆಂಪಾಯಿತು. ಮನೆಯಲ್ಲಿ ಹಾಗಾದರೆ ಊಟದ ತಟ್ಟೆ ಹಾರುತ್ತದೆ. ಅಷ್ಟರಲ್ಲಿ ಮ್ಯಾನೇಜರ್ ಶಶಿಧರ್ ಹೊರಗೆ ಬಂದರು.

"ಏನ್ರೀ ಅಪ್ಪು ಇದು?"

ಅಪ್ಪು ಒಂದು ಸಲ ಗಗನಳ ಕಡೆ ನೋಡಿದ. ಈಗ ಹೇಳಿಬಿಡ್ತಾನೆ ಅಂದುಕೊಂಡಳು ಅವಳು.

"ತಪ್ಪಾಯ್ತು ಸಾರ್. ಬಾಗ್ಲ ಕಡೆ ನಾನು ನೋಡ್ಕೋಬೇಕಿತ್ತು."

ಅವನ ದನಿ ಏರಲಿಲ್ಲ. ಹೊರಗೆ ಬಂದು ಲಿಂಗಯ್ಯನ ತಾಯಿಯ ಮುಂದೆ ಬಗ್ಗಿದ. "ಎಷ್ಟೊತ್ಗೆ ಮನೆ ಬುಟ್ರಿ ಅಮ್ಮ?"

"ಕೋಳಿ ಕೂಗಕ್ ಮುಂಚೆ ಕಣಪ್ಪ. ಕಣ್ಣೆಲ್ಲಾ ಉರಿ. ಇವ್ನೂ ನಿದ್ದೆ ಮಾಡಿಲ್ಲ."

ಲಿಂಗಯ್ಯ ಕೌಂಟರಿನಿಂದ ಕೈ ತೆಗೆದರು. ತಾಯಿಯ ಪಕ್ಕ ಬೆಂಚಿನ ಮೇಲೆ ಕೂತರು.

"ಅಣ್ಣ ಅಲ್ಲ, ನಾನು!" ಗಗನ ಕಿರುಚಿಯೇ ಬಿಟ್ಟಳು. "ಅಜ್ಜೀನ ನಾನೇ ಒಳಿಕ್ಕೆ ಬುಟ್ಟಿದ್ದು."

ಎಲ್ಲರೂ ಅವಳತ್ತ ತಿರುಗಿದರು. ಶಶಿಧರ್ ಅಣ್ಣತಂಗಿಯರನ್ನು ದಿಟ್ಟಿಸಿದರು. "ಮೊದ್ಲು ಈ ಅಮ್ಮನ್ನ ಒಳಗೆ ಕಳ್ಸಿ. ಆಮೇಲೆ ನನ್ ರೂಮಿಗೆ ಬನ್ನಿ ಅಪ್ಪು."

ಅಜ್ಜಿ ಹೊರಗೆ ಬಂದರು, ಲಿಂಗಯ್ಯನ ತಾಯಿ ಒಳಗೆ ಹೋದರು. ಮ್ಯಾನೇಜರ್ ರೂಮಿನ ಬಾಗಿಲು ಅಪ್ಪುವಿನ ಹಿಂದೆ ಮುಚ್ಚಿಕೊಂಡಿತು. ಗಡಿಯಾರದಲ್ಲಿ ಹನ್ನೊಂದು ದಾಟಿತು. ಗಗನಳಿಗೆ ಡ್ಯಾನ್ಸ್ ನೆನಪೇ ಆಗಲಿಲ್ಲ.

ಅಪ್ಪು ಹೊರಗೆ ಬಂದ.

"ಏನಂದ್ರಣ್ಣ?"

"ಬೈದ್ರು. ನಾಳೆಯಿಂದ ಬಾಗ್ಲತ್ರಾನೇ ಕುರ್ಚಿ ಹಾಕ್ಕೊಳಿ ಅಂದ್ರು."

ನಾಳೆಯಿಂದ! ಗಗನ ಉಸಿರು ಬಿಟ್ಟಳು. "ನನ್ನೆಸ್ರು ಯಾಕಣ್ಣ ಏಳ್ನಿಲ್ಲ?"

"ಏಳಿದ್ರೆ ಆಯಮ್ಮನ ಕಣ್ಣುರಿ ಓಯ್ತಿತ್ತಾ?"

ಅವನು ಕೂತು, ಸಾಲಿನಲ್ಲಿದ್ದ ಮುಂದಿನವರ ಹೆಸರು ಕೇಳಿ ಬರೆಯತೊಡಗಿದ. ಅಕ್ಷರಗಳು ಸೊಟ್ಟಸೊಟ್ಟಗೆ ಮೂಡಿದವು. ಪೆನ್ನು ಒತ್ತಿದಲ್ಲೆಲ್ಲ ರಿಜಿಸ್ಟರ್ ಅಲುಗುತ್ತಿತ್ತು.

ಗಗನ ಹತ್ತಿರ ಹೋಗಿ, ರಿಜಿಸ್ಟರ್ ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದಳು.