ತಂಪುಗಡಲಿನ ಹನ್ನೆರಡು ಶೀಶೆಗಳು

"ನನ್ನ ಮಗಳು ಕಳ್ಳಿ ಅಲ್ಲಂತ ತೋರಿಸಿಕೊಡ್ರಿ ಯವ್ವಾ. ಬ್ಯಾರೆ ಏನೂ ಬ್ಯಾಡ ನನಗ."

ದೇವದುರ್ಗದಿಂದ ಮೊದಲ ಬಸ್ಸಿಗೇ ಬಂದಿದ್ದ ಬಸ್ಸಮ್ಮ, ನಾನು ಕುರ್ಚಿ ಎಳೆದುಕೊಟ್ಟರೂ ಕೂರದೆ ಗೋಡೆಗೆ ಒರಗಿ ನಿಂತಿದ್ದರು. ಪಕ್ಕದಲ್ಲಿ ಮಗಳು ಸೌಭಾಗ್ಯ, ಇಪ್ಪತ್ತಾರರ ಹುಡುಗಿ. ಅತ್ತು ಅತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು.

ಗೋಪಮ್ಮ ಎದುರಿಗೆ ಕೂತು ಕೇಳುತ್ತಿದ್ದರು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಊರವರ ರಕ್ತ ಪರೀಕ್ಷಿಸಿ ನಿವೃತ್ತರಾದ ಈ ಹೆಂಗಸಿಗೆ ಜನರ ಒಗಟು ಬಿಡಿಸುವ ಚಟ. ಅವರ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿರುವ ನಿವೃತ್ತ ಬಸ್ ಕಂಡಕ್ಟರ್ ಬೀರೇಶನೆಂಬ ನನಗೆ ಅವರ ಬೆನ್ನು ಹತ್ತಿ ಹೋಗುವ ಚಟ. ಇಬ್ಬರಿಗೂ ಬೇರೆ ಕೆಲಸವಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಅದು ಸುಳ್ಳೂ ಅಲ್ಲ.

ಸೌಭಾಗ್ಯ ಹೇಳಿದ್ದು ಇಷ್ಟು. ಯರಗೇರಾದ ಹೊರಗೆ ಡಾಕ್ಟರ್ ವಿಜಯಲಕ್ಷ್ಮಿಯವರು ನಡೆಸುವ ಸಣ್ಣ ಖಾಸಗಿ ಸಂಶೋಧನಾಲಯದಲ್ಲಿ ಅವಳು ಪಿಎಚ್.ಡಿ.ಗೆ ಓದುತ್ತಿದ್ದಳು. ಮಂಜುಗಡ್ಡೆ ತೇಲುವ ದಕ್ಷಿಣದ ಕಡಲಿನಲ್ಲಿ ಬದುಕುವ ಆಕ್ಟೋಪಸ್ಸು, ಬೇಟೆಯನ್ನು ಕಚ್ಚಿ ಒಳಗೆ ಬಿಡುವ ವಿಷದ ಮೇಲೆ ಅವಳ ಅಧ್ಯಯನ. ಆ ವಿಷ ಹೊರದೇಶದಿಂದ ಹನ್ನೆರಡು ಪುಟ್ಟ ಶೀಶೆಗಳಲ್ಲಿ ಬಂದಿತ್ತು. ಅದನ್ನು ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಇಟ್ಟಿದ್ದರು.

"ದಸರಾ ರಜಾ ಮುಗಿಸಿ ಸೋಮವಾರ ಹೋದೆ ರೀ. ನನ್ನ ಡಬ್ಬಿ ಅಡ್ಡ ಬಿದ್ದಿತ್ತು, ನೆಟ್ಟಗ ಇಟ್ಟೆ. ಮೂರು ಶೀಶೆ ತಗದು ಸೀಗಡಿಮರಿ ಮ್ಯಾಲ ಹಾಕಿದೆ. ಒಂದೂ ಸಾಯಲಿಲ್ಲ. ಹಬ್ಬದ ಮೊದಲ ಅದರಾಗಿಂದೇ ಒಂದು ಹನಿಗೆ ಎಲ್ಲಾ ಸತ್ತಿದ್ವು."

"ಆ ಫ್ರೀಜರಿನಾಗ ಮತ್ತೇನಿತ್ತು?" ಗೋಪಮ್ಮ ಕೇಳಿದರು.

"ನನ್ನ ಜೋಡಿ ಓದೂ ಬಸವಪ್ರಸಾದನ ಚೇಳಿನ ವಿಷ ರೀ, ನಮ್ಮ ಕಡೀ ಚೇಳಿಂದು. ಅದು ಮೊದಲಿನಂಗ ಅದ."

ಸೌಭಾಗ್ಯಳೇ ಅಸಲಿ ವಿಷ ಕದ್ದು ಶೀಶೆಗೆ ನೀರು ತುಂಬಿದ್ದಾಳೆ ಎಂದು ವಿಜಯಲಕ್ಷ್ಮಿಯವರು ತೀರ್ಮಾನಿಸಿ ಪೊಲೀಸರಿಗೆ ಹೇಳಿದ್ದರು. ದೇವದುರ್ಗದ ಓಣಿಗೆ ಜೀಪು ಹೋಗಿತ್ತು.

"ಹಿಟ್ಟಿನ ಡಬ್ಬಿ ಸೈತ ಸುರುವಿ ನೋಡಿದ್ರು," ಎಂದರು ಬಸ್ಸಮ್ಮ. "ಓಣಿ ಮಂದಿ ಎಲ್ಲಾ ನಿಂತು ನೋಡಾಕತ್ತಿದ್ರು. ಶುಕ್ರವಾರ ಮೀಟಿಂಗ್ ಮಾಡಿ ಇಕೀನ್ನ ತಗದು ಹಾಕ್ತಾರಂತ. ಕೇಸೂ ಮಾಡ್ತಾರಂತ."

ಅಂದು ಬುಧವಾರ. ಗೋಪಮ್ಮ ಎದ್ದು ಚಪ್ಪಲಿ ಮೆಟ್ಟಿದರು. ನನ್ನ ಅರ್ಧ ಕುಡಿದ ಚಹಾ ಅಲ್ಲೇ ಉಳಿಯಿತು.

ವಿಜಯಲಕ್ಷ್ಮಿಯವರನ್ನು ನೋಡುವ ಮೊದಲೇ ನಾನು ಬೈದುಕೊಂಡಿದ್ದೆ. ನೋಡಿದ ಮೇಲೆ ಅಷ್ಟು ಬೈಯಲು ಮನಸ್ಸಾಗಲಿಲ್ಲ. ಆಕೆ ಎರಡು ರಾತ್ರಿ ನಿದ್ದೆಗೆಟ್ಟಂತಿದ್ದರು.

"ಆ ವಿಷ ಯಾರ ಮನ್ಯಾಗ ಅದನೋ ಏನೋ! ಯಾರಾದ್ರೂ ಸತ್ರ ಯಾರಿಗೆ ಉತ್ತರ ಕೊಡ್ಲಿ ನಾನು?"

"ಫ್ರೀಜರ್ ಕೆಟ್ಟಿರಬೌದಲ್ರಿ?" ಎಂದೆ ನಾನು.

"ಕೆಟ್ಟಿಲ್ಲ, ನೋಡ್ರಿ, ಮೈನಸ್ ಎಂಬತ್ತೇ ಅದ. ಕರೆಂಟ್ ಹೋದ್ರ ಜನರೇಟರ್ ತಾನ ಚಾಲು ಆಗ್ತದ. ಹಬ್ಬಕ್ಕ ನಾನು ಹೈದರಾಬಾದಿನಾಗ ಇದ್ದೆ, ದಿನಾ ಕರೆಂಟ್ ಆಫೀಸಿಗೆ ಫೋನ್ ಮಾಡಿ ಕೇಳೀನಿ. ಕರೆಂಟ್ ಒಂದು ತಾಸೂ ಹೋಗಿಲ್ಲ."

ಫ್ರೀಜರು ಚಿಕ್ಕದು, ಅರ್ಧಕ್ಕರ್ಧ ಖಾಲಿ. ಬಾಗಿಲ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಕೋಣೆಯ ಎಲ್ಲ ಯಂತ್ರಗಳ ಮೇಲೂ ಅದೇ ಇತ್ತು. ಗೋಡೆಯ ಸ್ವಿಚ್ಚಿನ ಹಿಂದೆ ಒಣಗಿದ ಬನ್ನಿಯ ಚಿಗುರೊಂದು ಸಿಕ್ಕಿಸಿತ್ತು.

ಕಾವಲುಗಾರ ಗಡಿಗೆಪ್ಪ ಕೈಕಟ್ಟಿ ನಿಂತಿದ್ದ. "ನವಮಿ ಮುಂಜಾನಿ ಪೂಜಿ ಆತ್ರಿ. ನಾ ಹೊರಗ ಕಾಯಿ ಒಡದೆ, ಬೀಗ ಹಾಕಿದೆ, ಊರಿಗೆ ಹೋದೆ. ಹೊರಗಿನವ್ರು ಒಬ್ರೂ ಬಂದಿಲ್ಲ ನೋಡ್ರಿ."

ಗೋಪಮ್ಮ ಉಳಿದ ಒಂಬತ್ತು ಶೀಶೆಗಳಲ್ಲಿ ಒಂದನ್ನು ಕೈಗವಸು ಹಾಕಿಕೊಂಡು ಎತ್ತಿ, ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಒಳಗಿನ ಗಡ್ಡೆ ತಳದಲ್ಲಿರಲಿಲ್ಲ, ಒಂದು ಬದಿಯ ಗೋಡೆಗೆ ಉದ್ದಕ್ಕೂ ಅಂಟಿತ್ತು. ನಾನು ಗಂಭೀರವಾಗಿ ತಲೆಯಾಡಿಸಿದೆ. ಅರ್ಥವಾಗಿದ್ದು ಏನೂ ಇಲ್ಲ.

ಗುರುವಾರ ಅವರು ಇದ್ದಕ್ಕಿದ್ದಂತೆ, "ಬೀರೇಶಣ್ಣ, ಅಕ್ಕಿ ತೀರ್‍ಯಾವ. ಮಾನ್ವಿಗೆ ಹೋಗೋಣು ನಡೀ," ಎಂದರು.

ರಾಯಚೂರಿನಲ್ಲಿ ಅಕ್ಕಿ ಸಿಗುವುದಿಲ್ಲವೇ ಎಂದು ದಾರಿಯುದ್ದಕ್ಕೂ ಗೊಣಗಿದೆ. ಬಸ್ಸಿಳಿದು ನೋಡಿದರೆ ಅವರು ಗಡಿಗೆಪ್ಪನಿಂದ ಗುರುತು ಕೇಳಿಕೊಂಡು ಹೋಗಿದ್ದು ವಿಜಯಲಕ್ಷ್ಮಿಯವರ ತವರಿನ ಅಕ್ಕಿ ಗಿರಣಿಗೆ. ತಾಯಿ ಶರಣಮ್ಮ, ಎಪ್ಪತ್ತರ ಗಟ್ಟಿ ಮುದುಕಿ, ಯಜಮಾನಿಕೆಯೆಲ್ಲ ಅವರದೇ. ನಮಗೆ ಚಹಾ ಕೊಡಿಸಿ, ಯಂತ್ರಗಳನ್ನು ಮಕ್ಕಳನ್ನು ತೋರಿಸುವ ಹಾಗೆ ತೋರಿಸಿದರು. ಇಲ್ಲಿಯೂ ವಿಭೂತಿ ಇತ್ತು, ದೊಡ್ಡ ಸ್ವಿಚ್ಚಿನ ಹಿಂದೆ ಬನ್ನಿ ಇತ್ತು.

"ನವಮಿ ಮುಂಜಾನಿ ಬಂದ್ ಮಾಡ್ತೀವಿ. ಓಡೋ ಮಷೀನಿಗೆ ಪೂಜಿ ಮಾಡಬಾರ್ದು, ಅದಕ್ಕೂ ದಣಿವು ಇರ್ತದ. ದಶಮಿ ಸಂಜೀಕ ಬನ್ನಿ ಇಟ್ಟು ಚಾಲು ಮಾಡೂದು. ಮನೀ ಹಿರೀಕಿ ಕೈಲೇ ಆಗ್ಬೇಕು," ಎಂದರು. "ಈ ಸಲ ನಾ ಇಲ್ಲಿ ಇರ್ಲಿಲ್ಲ, ಸೊಸಿ ಮಾಡಿದ್ಳು."

ಗೋಪಮ್ಮ ಐದು ಕಿಲೋ ಅಕ್ಕಿ ಕೊಂಡರು. ಹೊತ್ತಿದ್ದು ನಾನು.

ಶುಕ್ರವಾರ ಹನ್ನೊಂದಕ್ಕೆ ಸಂಶೋಧನಾಲಯದ ಉದ್ದ ಮೇಜಿನ ಸುತ್ತ ಎಲ್ಲರೂ ಸೇರಿದರು. ವಿಜಯಲಕ್ಷ್ಮಿ, ಸೌಭಾಗ್ಯ, ವಿಚಾರಣೆಗೆ ಬಂದ ಸಮಿತಿಯ ಇಬ್ಬರು ಹಿರಿಯರು, ಬಸವಪ್ರಸಾದ, ಗಡಿಗೆಪ್ಪ. ಗೋಪಮ್ಮ ಫೋನ್ ಮಾಡಿ ಕರೆಸಿದ್ದ ಶರಣಮ್ಮನವರೂ ಬಂದಿದ್ದರು. ಬಸ್ಸಮ್ಮ ಇಲ್ಲಿಯೂ ಕೂರದೆ ಬಾಗಿಲ ಬಳಿ ನಿಂತರು.

"ಮೊದಲ ಶೀಶ್ಯಾಗ ನೀರು ಅದನೋ ಏನದ ನೋಡೋಣು," ಎಂದರು ಗೋಪಮ್ಮ. "ಮೂತ್ರದಾಗ ಪ್ರೋಟೀನ್ ಹೋಗ್ತದೇನು ನೋಡಾಕ ನಾವೂ ಬಣ್ಣ ಹಾಕ್ತಿದ್ವಿ. ವಿಷಾನೂ ಪ್ರೋಟೀನೇ. ಇದ್ರ ನೀಲಿ ಆಗ್ತದ, ಬರೇ ನೀರಾದ್ರ ಇಲ್ಲ."

ಬಸವಪ್ರಸಾದ ಸಣ್ಣ ಗುಳಿಗಳಿದ್ದ ತಟ್ಟೆಯೊಂದರಲ್ಲಿ ಪ್ರತಿ ಶೀಶೆಯಿಂದ ಒಂದು ಹನಿ, ಒಂದು ಗುಳಿಗೆ ಬರೀ ನೀರು ಹಾಕಿ, ಎಲ್ಲಕ್ಕೂ ಕಂದು ಬಣ್ಣದ ಹನಿ ಬಿಟ್ಟ. ನೀರಿನ ಗುಳಿ ಕಂದು ಬಣ್ಣದಲ್ಲೇ ಉಳಿಯಿತು. ಒಂಬತ್ತೂ ಶೀಶೆಗಳ ಗುಳಿಗಳು ಒಂದಾದ ಮೇಲೊಂದು ಕಡುನೀಲಿಯಾದವು. ವಿಜಯಲಕ್ಷ್ಮಿ ಬಗ್ಗಿ ನೀಲಿ ಗುಳಿಗಳನ್ನು ಒಂದೊಂದಾಗಿ ಎಣಿಸಿದರು.

"ವಿಷ ಎಲ್ಲೂ ಹೋಗಿಲ್ಲ ಮೇಡಂ. ಇಲ್ಲೇ ಅದ, ಆದ್ರ ಕಸುವು ಸತ್ತದ. ಹಿಮದಂಥ ನೀರಿನಾಗ ಕೆಲಸ ಮಾಡೂ ಪ್ರೋಟೀನು ಸಡಿಲ ಇರ್ತದ, ನಮ್ಮ ರಾಯಚೂರಿನ ಬಿಸಿಲು ತಡಿಯೂದಿಲ್ಲ. ಚೇಳಿಂದು ಇಲ್ಲೇ ಕಲ್ಲಿನ ಕೆಳಗ ಬೆಂದು ಬೆಳದದ್ದು, ಅದಕ್ಕ ಏನೂ ಆಗಿಲ್ಲ. ಕಳ್ಳ ಬಂದಿದ್ರ ಇವೆರಡರ ನಡುವ ಹಿಂಗ ಆರಿಸ್ತಿದ್ದಿಲ್ಲ. ಕಾವು ಆರಿಸ್ತದ."

"ಆದ್ರ ಕರೆಂಟ್ ಹೋಗಿಲ್ಲ!" ಎಂದರು ಸಮಿತಿಯ ಹಿರಿಯರೊಬ್ಬರು.

"ಹೋಗಿಲ್ರಿ. ಆದರೂ ಫ್ರೀಜರ್ ಕರಗಿತ್ತು. ಗೋಡಿ ಹಿಮ ಕರಗಿದಾಗ ಅದಕ್ಕ ಆನಿಕೊಂಡಿದ್ದ ಡಬ್ಬಿ ಅಡ್ಡ ಬಿತ್ತು. ಶೀಶೆ ಮಲಗಿದ್ದಾಗ ವಿಷ ನೀರಾಗಿ, ಹಂಗ ಮತ್ತ ಗಡ್ಡಿ ಕಟ್ತು. ಅದಕ್ಕ ಗಡ್ಡಿ ಬದೀಗೆ ಅಂಟ್ಯದ. ಅಂದ್ರ ಯಾರೋ ಸ್ವಿಚ್ ಬಂದ್ ಮಾಡಿ, ಮತ್ತ ಹಾಕ್ಯಾರ. ಯಾವಾಗ? ವಿಭೂತಿ ನವಮಿದು. ಬನ್ನಿ ಮಾತ್ರ ದಶಮಿದು. ಗಡಿಗೆಪ್ಪ ನವಮಿಗೇ ಬೀಗ ಹಾಕಿ ಹೋಗ್ಯಾನ, ಹಂಗಾದ್ರ ಮರುದಿನ ಬಂದು ಬನ್ನಿ ಇಟ್ಟವ್ರು ಯಾರು?"

ಕೋಣೆಯಲ್ಲಿ ಎಲ್ಲರೂ ಗಡಿಗೆಪ್ಪನತ್ತ ತಿರುಗಿದರು. ಪಾಪ, ಅವನು ಬೆವರಿದ.

"ಅವ ಸುಳ್ಳು ಹೇಳಿಲ್ಲ," ಎಂದರು ಗೋಪಮ್ಮ. "ಹೊರಗಿನವ್ರು ಬಂದಿಲ್ಲ ಅಂದ. ಮೇಡಂ, ಹೈದರಾಬಾದಿಗೆ ಹೋಗೂ ಮುಂದ ನಿಮ್ಮ ಕೀಲಿ ಯಾರ ಕೈಯಾಗ ಕೊಟ್ರಿ?"

ವಿಜಯಲಕ್ಷ್ಮಿ ಉತ್ತರಿಸುವ ಮುನ್ನ ಶರಣಮ್ಮ ಎದ್ದು ನಿಂತಿದ್ದರು.

"ನನ್ನ ಕೈಯಾಗ. ಪೂಜಿ ಮಾಡವ್ವಾ ಅಂದಿದ್ಳು, ಮಾಡ್ದೆ. ಗಿರಣ್ಯಾಗ ಐವತ್ತು ವರ್ಷ ಮಾಡಿದಂಗ ಎಲ್ಲಾ ಸ್ವಿಚ್ ಬಂದ್ ಮಾಡ್ದೆ, ದಶಮಿ ಸಂಜೀಕ ಬಂದು ಬನ್ನಿ ಇಟ್ಟು ಚಾಲು ಮಾಡ್ದೆ. ಒಂದು ದಿನ ದಣಿವು ಆರಿಸಿಕೊಳ್ಳಲಿ ಅಂದೆ ನಾನು. ಅದರಿಂದ ಒಂದು ಹುಡುಗಿ ಬಾಳೇವು ಹೋಗ್ತದಂತ ನನಗ ಹೆಂಗ ಗೊತ್ತಾಗ್ಬೇಕು?"

ವಿಜಯಲಕ್ಷ್ಮಿ ತಾಯಿಯ ಕೈ ಹಿಡಿದರು.

"ತಪ್ಪು ನಿಂದಲ್ಲವ್ವಾ, ನಂದು. ಫ್ರೀಜರ್ ಮುಟ್ಟಬ್ಯಾಡ ಅಂತ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಒಂದು ಹನಿ ಬಣ್ಣ ಹಾಕಿ ನೋಡಬೇಕಾಗಿತ್ತು, ನೋಡಲಿಲ್ಲ. ದೇವದುರ್ಗದ ಹುಡುಗಿ ಮ್ಯಾಲ ಅನುಮಾನ ಪಡೂದು ಸಸಾರ ಆತು ನನಗ."

ಆಮೇಲೆ ಸೌಭಾಗ್ಯಳತ್ತ ತಿರುಗಿದರು. ಅವತ್ತೇ ಹೊರದೇಶಕ್ಕೆ ಪತ್ರ ಬರೆದು, ತಪ್ಪು ಒಪ್ಪಿಕೊಂಡು, ಹೊಸ ವಿಷ ಕೇಳುವುದಾಗಿ ಹೇಳಿದರು. ಪೊಲೀಸರಿಗೂ ನಮ್ಮೆದುರೇ ಫೋನ್ ಮಾಡಿದರು. ಸೌಭಾಗ್ಯ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ನನ್ನ ಎದೆಯ ಮೇಲಿನ ಭಾರವೂ ಇಳಿದಂತಾಯಿತು. ಯಾರೂ ಕದ್ದಿರಲಿಲ್ಲ, ಯಾರೂ ಸಾಯುವಂತಿರಲಿಲ್ಲ.

"ಇಲ್ಲಿ ಹೇಳಿದ್ರ ಆತೇನ್ರಿ?" ಬಾಗಿಲ ಬಳಿಯಿಂದ ಬಸ್ಸಮ್ಮ ಕೇಳಿದರು. "ಇಲ್ಲಿ ನನ್ನ ಮಗಳನ್ನ ಕಳ್ಳಿ ಅಂದವ್ರು ನಾಕೇ ಮಂದಿ. ನಮ್ಮ ಓಣ್ಯಾಗ ಎಲ್ಲಾರೂ ಅಂತಾರ."

ವಿಜಯಲಕ್ಷ್ಮಿ ಕುರ್ಚಿ ಸರಿಸಿ ಎದ್ದರು. ಆಮೇಲೆ ಕಾರಿನ ಕೀಲಿ ತೆಗೆದುಕೊಂಡರು. ಶರಣಮ್ಮ ತಾವೂ ಬರುತ್ತೇನೆಂದು ಹಟ ಹಿಡಿದರು. ಗೋಪಮ್ಮ ಮತ್ತು ನಾನು ಗಡಿಗೆಪ್ಪನ ಜತೆ ಬಾಡಿಗೆ ಜೀಪಿನಲ್ಲಿ ಹಿಂದೆಯೇ ಹೊರಟೆವು.

ದೇವದುರ್ಗದ ಆ ಓಣಿಗೆ ಕಾರು ಹೊಕ್ಕಾಗ ಕಟ್ಟೆಗಳ ಮೇಲೆ ಕೂತಿದ್ದವರೆಲ್ಲ ಎದ್ದರು. ಮತ್ತೇನು ಗಂಡಾಂತರವೋ ಎಂದು ಹೆಂಗಸರು ಬಾಗಿಲಿಗೆ ಬಂದರು. ವಿಜಯಲಕ್ಷ್ಮಿ ಬಸ್ಸಮ್ಮನ ಮನೆಯ ಮುಂದೆ ನಿಂತು ಕೈಮುಗಿದರು.

"ಸೌಭಾಗ್ಯ ಕಳುವು ಮಾಡಿಲ್ಲ. ತಪ್ಪು ನಮ್ಮದು. ನಾನೇ ಸುಳ್ಳು ಆಪಾದನಿ ಮಾಡಿದ್ದೆ."

ಬಸ್ಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ತಮ್ಮ ಮನೆಯ ಕಟ್ಟೆಯ ಮೇಲೆ ನಿಧಾನವಾಗಿ ಕೂತರು.

"ಇನ್ನೊಮ್ಮೆ ಹೇಳ್ರಿ ಮೇಡಂ," ಎಂದರು. "ಮೂಲಿಮನಿ ಗದ್ದೆಮ್ಮಗ ಕೇಳಿಸಿಲ್ಲ."