ಅಜ್ಜಿಯ ಎಂಜಲು

“ಇದರೊಳಗೆ ಉಗೀಬೇಕಾ ಮೇಡಂ?”

ಅಪ್ಪ ಕಾಂತರಾಜ್ ಬೆರಳುದ್ದದ ಪ್ಲಾಸ್ಟಿಕ್ ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಹೌದು ಸರ್. ಈ ಗೆರೆ ತನಕ ಬಂದ್ರೆ ಸಾಕು,” ಅಂದರು ಶ್ರುತಿ ಅಕ್ಕ.

ಮೌನಿಕಾಗೆ ನಗು ತಡೆಯಲಾಗಲಿಲ್ಲ. ಅಂಗಳದಲ್ಲಿ ಉಗಿದರೂ ಬೈಯುವ ಅಪ್ಪ, ಈಗ ನಡುಮನೆಯಲ್ಲೇ ಕೂತು ಉಗಿಯುತ್ತಿದ್ದರು! ಅವಳದೂ ಅಮ್ಮನದೂ ಆಗಲೇ ಮುಗಿದಿತ್ತು.

ಶ್ರುತಿ ಅಕ್ಕ ಬೆಂಗಳೂರಿನ ಆಸ್ಪತ್ರೆಯಿಂದ ಯಲ್ದೂರಿಗೆ ಬಂದಿದ್ದೇ ಮೌನಿಕಾಳ ಕಾಯಿಲೆಗಾಗಿ. ಹೋದ ವರ್ಷ ಅವಳ ಮೊಣಕಾಲಿನ ಕೆಳಗೆ ಮೂಳೆ ಊದಿಕೊಂಡಿತ್ತು. ನಾಟಿ ಕಟ್ಟು ಹಾಕಿಸಿದರು, ಇಂಜೆಕ್ಷನ್ ಕೊಡಿಸಿದರು. ಊತ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಬೆಂಗಳೂರಿನ ಡಾಕ್ಟರು ಕಂಡುಹಿಡಿದರು. ಏಟು ಬಿದ್ದಿಲ್ಲ, ಮೂಳೆಯೊಳಗೆ ಕ್ರಿಮಿಯೂ ಇಲ್ಲ, ಆದರೂ ಊದುತ್ತದೆ. ಎಲ್ಲೋ ಕೆಲವು ಮಕ್ಕಳಿಗೆ ಮಾತ್ರ ಬರುವ ಕಾಯಿಲೆಯಂತೆ. ಔಷಧಿ ಶುರುವಾದ ಮೇಲೆ ನೋವು ಇಳಿದು, ಈಗ ಮೌನಿಕಾ ಖೋ ಖೋ ಕೂಡ ಆಡುತ್ತಾಳೆ. ಆದರೆ ಅದು ಯಾಕೆ ಬರುತ್ತದೆ ಅಂತ ಡಾಕ್ಟರಿಗೂ ಸರಿಯಾಗಿ ಗೊತ್ತಿಲ್ಲ. ಹಿರಿಯರಿಂದ ರಕ್ತದಲ್ಲೇ ಬಂದಿರಬಹುದಾ ಅಂತ ಹುಡುಕಲು ಮನೆಯವರೆಲ್ಲರ ಎಂಜಲು ಬೇಕಾಗಿತ್ತು.

ಉಳಿದದ್ದು ಅಜ್ಜಿ ದೊಡ್ಡಗಂಗಮ್ಮ ಒಬ್ಬಳೇ.

“ವದ್ದಮ್ಮಾ, ವದ್ದು!” ಬೇಡವೇ ಬೇಡ ಅಂತ ಅಜ್ಜಿ ಎರಡೂ ಕೈ ಆಡಿಸಿದಳು. “ಓದಿರೋ ಹೆಣ್ಮಗಳ ಕೈಗೆ ನನ್ ಎಂಜಲು ಕೊಡೋದಾ? ಲೋಟಾನ ತುಟಿಗೆ ತಾಗಿಸ್ದೆ ನೀರು ಕುಡಿಯೋರು ನಾವು!”

“ನಂಗೇನೂ ಬೇಜಾರಿಲ್ಲ ಅಜ್ಜಿ. ಬಾಯಲ್ಲಿ ಎಲೆ ಅಡಿಕೆ ಮಾತ್ರ ಇರಬಾರ್ದು. ಬಾಯಿ ಮುಕ್ಕಳಿಸ್ಕೊಳಿ, ಅರ್ಧ ಗಂಟೆ ಕಾಯೋಣ.”

ಎಲ್ಲರೂ ಕಾದರು. ಇನ್ನೇನು ಟೈಮಾಯಿತು ಅನ್ನುವಾಗ ನೋಡಿದರೆ ಅಜ್ಜಿಯ ಕೆನ್ನೆ ಉಬ್ಬಿತ್ತು!

“ಮರ್ತೇ ಹೋಯ್ತು ನೋಡು,” ಅಂದಳು ಅಜ್ಜಿ.

ಮತ್ತೆ ಬಾಯಿ ಮುಕ್ಕಳಿಸಿದ್ದಾಯಿತು, ಮತ್ತೆ ಕಾದದ್ದಾಯಿತು. ಈ ಸಲ ಅಜ್ಜಿ ಮೆಲ್ಲಗೆ ಎದ್ದು ಹಿತ್ತಲಿಗೆ ಹೊರಟಳು. ಮೌನಿಕಾ ಬಿಡುತ್ತಾಳೆಯೇ? ಹಿಂದೆಯೇ ಹೋದಳು. ಮಾವಿನ ಮರದ ಕೆಳಗೆ ಅಜ್ಜಿ ಎಲೆ ಅಡಿಕೆ ಸಂಚಿ ಬಿಚ್ಚುತ್ತಿದ್ದಳು.

“ಅಜ್ಜೀ! ಬೇಕೂ ಅಂತ ಮಾಡ್ತಿದ್ದೀಯಾ!” ಮೌನಿಕಾಗೆ ಅಳುವೇ ಬಂತು. “ಅಕ್ಕ ಬಸ್ಸಿಗೆ ಹೊರಟುಬಿಡ್ತಾರೆ. ನಂಗ್ಯಾಕ್ ಹಿಂಗಾಯ್ತು ಅಂತ ನಿಂಗೆ ತಿಳ್ಕೊಳೋದೇ ಬೇಡ್ವಾ?”

ಅಜ್ಜಿ ಸಂಚಿ ಕೆಳಗಿಟ್ಟಳು.

“ಅದೇ ಕಣೇ ನಂಗೆ ಭಯ. ನಿನ್ ವಯಸ್ನಲ್ಲಿ ನನ್ ಕಾಲೂ ಹಿಂಗೇ ಊದ್ಕೊಂತಿತ್ತು, ಇದೇ ಜಾಗದಲ್ಲಿ. ನನ್ನಿಂದ್ಲೇ ನಿಂಗೆ ಬಂತು ಅಂತ ಗೊತ್ತಾದ್ರೆ, ನಿನ್ ಮುಖ ಹೆಂಗ್ ನೋಡ್ಲಿ ಬಂಗಾರು?”

ಮೌನಿಕಾ ಅಳುವುದನ್ನೇ ಮರೆತಳು. ಶಾಲೆಯಲ್ಲಾಗಲಿ ಊರಲ್ಲಾಗಲಿ ಇಂಥ ಕಾಲುನೋವು ಬೇರೆ ಯಾರಿಗೂ ಇರಲಿಲ್ಲ. ಇಡೀ ಪ್ರಪಂಚದಲ್ಲಿ ತಾನೊಬ್ಬಳೇ ಅಂತ ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

“ನಿಂಗೂನಾ? ಆಮೇಲೆ ಏನಾಯ್ತು?”

“ಏನಾಗತ್ತೆ? ಬರ್ತಿತ್ತು, ಹೋಗ್ತಿತ್ತು. ದೊಡ್ಡೋಳಾಗೋ ಹೊತ್ಗೆ ನಿಂತೇ ಹೋಯ್ತು. ಈ ಮಾವಿನ ಗಿಡಗಳಿಗೆಲ್ಲ ಬಿಂದಿಗೇಲಿ ನೀರು ಹೊತ್ತಿದ್ದು ಯಾರು ಅನ್ಕೊಂಡೆ?”

“ಹಂಗಾದ್ರೆ ನಂದೂ ನಿಲ್ಲಬಹುದು!” ಮೌನಿಕಾ ಅಜ್ಜಿಯ ಕೈ ಹಿಡಿದು ಎಳೆದಳು. “ಬಾ ಅಜ್ಜಿ, ಅಕ್ಕಂಗೆ ಹೇಳೋಣ!”

ಶ್ರುತಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. “ನಿಮಗೂ ಇದೇ ಕಾಯಿಲೆ ಇತ್ತೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ ಅಜ್ಜಿ. ಕಾರಣ ಸಿಗೋಕೆ ಇನ್ನೂ ವರ್ಷಗಳೇ ಬೇಕು. ಆದ್ರೆ ನೀವು ಹೇಳಿದ್ದು ತುಂಬಾ ಒಳ್ಳೇದಾಯ್ತು. ಆಗ ಯಾರಿಗೆ ತೋರಿಸಿದ್ರಿ?”

“ಯಾರ್ಗೆ ತೋರ್ಸೋದಮ್ಮಾ? ಕೆಲಸಗಳ್ಳಿ ಅಂತ ಬೈತಿದ್ರು. ನಾನೇ ಒದ್ದೆ ಬಟ್ಟೆ ಸುತ್ಕೊಂಡು ಬಿದ್ಕೊಂತಿದ್ದೆ.”

ಅಜ್ಜಿ ಸೆರಗು ಅಡ್ಡ ಹಿಡಿದು ಟ್ಯೂಬಿಗೆ ಉಗಿದು, ನಾಚಿಕೊಂಡು ಕೊಟ್ಟಳು. ಶ್ರುತಿ ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡರು.

ಮೌನಿಕಾ ಅಜ್ಜಿಯನ್ನೇ ನೋಡುತ್ತಿದ್ದಳು. ಹೋದ ವರ್ಷ ನೋವು ಬಂದಾಗಲೆಲ್ಲ, ಅವಳು ಬಾಯಿಬಿಟ್ಟು ಹೇಳುವ ಮುಂಚೆಯೇ ಅಜ್ಜಿ ಬಂದು, ನೋವಿದ್ದ ಜಾಗಕ್ಕೇ ಸರಿಯಾಗಿ ತಣ್ಣನೆಯ ಬಟ್ಟೆ ಸುತ್ತುತ್ತಿದ್ದಳು. ಅಜ್ಜಿಗೆ ಹೇಗೆ ಗೊತ್ತಾಗುತ್ತಿತ್ತು ಅಂತ ಮೌನಿಕಾಗೆ ಈಗ ತಿಳಿಯಿತು.

ಅವಳು ಸರಿದು ಅಜ್ಜಿಗೆ ಅಂಟಿಕೊಂಡು ಕೂತಳು.